ಬಟ್ಟೆ ಡೈಪರ್ರೋ, ಯೂಸ್ ಅಂಡ್ ಥ್ರೋ ಡೈಪರ್ರೋ? ಎರಡನ್ನೂ ಬಳಸಿ ನೋಡಿದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನಾನು ಬಟ್ಟೆ ಡೈಪರ್ ಪಾರ್ಟಿ. ಹಗಲೆಲ್ಲ ಬಟ್ಟೆದು, ರಾತ್ರಿಗೆ ಮತ್ತೆ ಊರಿಗೆ ಬಸ್ಸಲ್ಲಿ ಹೋಗುವಾಗ ಯೂಸ್ ಅಂಡ್ ಥ್ರೋ, ನಮ್ಮನೇಲಿ ಕೊನೆಗೆ ನಿಂತಿರೋ ಲೆಕ್ಕ ಇದು. ಆದ್ರೆ ಇದೇ ಲೆಕ್ಕ ಎಲ್ಲರ ಮನೆಗೂ ಒಗ್ಗುತ್ತೆ ಅಂತ ಹೇಳಕ್ಕಾಗಲ್ಲ, ಯಾಕಂದ್ರೆ ಮನೇಲಿ ಬಿಸಿಲು ಎಲ್ಲಿ ಬೀಳುತ್ತೆ, ನಲ್ಲೀಲಿ ಯಾವ ನೀರು ಬರುತ್ತೆ, ಒಗೆಯೋರು ಯಾರು, ಈ ಮೂರೇ ಇದನ್ನ ತೀರ್ಮಾನ ಮಾಡೋದು. ಮಲೆನಾಡಲ್ಲಿ ಮಳೆಗಾಲದ ಬಾಣಂತನ, ಆಮೇಲೆ ಬೆಂಗಳೂರಲ್ಲಿ ಚಿಕ್ಕ ಬಾಲ್ಕನಿ ಇರೋ ಬಾಡಿಗೆ ಮನೆ, ಎರಡು ಕಡೆನೂ ನೋಡಿದೀನಿ, ಎರಡು ಕಡೆನೂ ಉತ್ತರ ಬೇರೆ ಬೇರೆನೇ ಬಂತು.

ಲಂಗೋಟಿಯಿಂದ ಶುರು ಮಾಡ್ತೀನಿ. ಅಪ್ಪನ ಹಳೇ ಪಂಚೆ, ಅಜ್ಜಿಯ ಒಗ್ದು ಒಗ್ದು ಮೆತ್ತಗಾದ ಕಾಟನ್ ಸೀರೆ, ಇವನ್ನ ಚೌಕಕ್ಕೆ ಹರಿದು ತ್ರಿಕೋನ ಮಡಚಿ ಕಟ್ಟೋದು. ಅಷ್ಟು ಮೆತ್ತಗಿರೋ ಬಟ್ಟೆ ದುಡ್ಡು ಕೊಟ್ರೂ ಸಿಗಲ್ಲ, ಗಾಳಿ ಆಡುತ್ತೆ, ಹೊಕ್ಕುಳ ಬಳ್ಳಿ ಇನ್ನೂ ಬಿದ್ದಿರದ ಮಗುಗೆ ಸ್ವಲ್ಪ ಕೆಳಗಿಳಿಸಿ ಕಟ್ಟಬಹುದು, ತೆಳು ಇರೋದ್ರಿಂದ ಎಲ್ಲಕ್ಕಿಂತ ಬೇಗ ಒಣಗುತ್ತೆ. ಇನ್ನೊಂದು ದೊಡ್ಡ ಉಪಯೋಗ ಅಂದ್ರೆ ಒದ್ದೆ ಆದ ತಕ್ಷಣ ಗೊತ್ತಾಗೋದು. ಹಾಲು ಸಾಕಾಗ್ತಿದ್ಯಾ ಅಂತ ತಿಳಿಯೋಕೆ ಡಾಕ್ಟರ್ ಮೊದ್ಲು ಕೇಳೋದೇ ಮಗು ದಿನಕ್ಕೆ ಎಷ್ಟು ಸಲ ಉಚ್ಚೆ ಹೊಯ್ಯುತ್ತೆ ಅಂತ, ಐದಾರು ದಿನ ಕಳೆದ ಮೇಲೆ 6 ಸಲಕ್ಕೆ ಕಮ್ಮಿ ಇರಬಾರ್ದು ಅಂತಾರೆ, ಲಂಗೋಟಿ ಇದ್ರೆ ಈ ಲೆಕ್ಕ ಸಿಗೋದು ಸುಲಭ, ಜೆಲ್ ಇರೋ ಡೈಪರ್‌ನಲ್ಲಿ ಕಷ್ಟ. ತೊಂದ್ರೆ ಏನಂದ್ರೆ ಲಂಗೋಟಿ ಏನನ್ನೂ ಹಿಡಿದಿಟ್ಕೊಳ್ಳಲ್ಲ, ಮಗು ಹೊಯ್ದಾಗೆಲ್ಲ ಹಾಸಿದ ಬಟ್ಟೆ, ಸುತ್ತಿದ ಬಟ್ಟೆ, ಎತ್ಕೊಂಡಿದ್ರೆ ನಮ್ಮ ನೈಟಿ, ಎಲ್ಲಾನೂ ಬಕೆಟ್ಟಿಗೆ.

ತೀರ್ಥಹಳ್ಳಿ ಕಡೆ ಆಷಾಢದಲ್ಲಿ ಬಿಸಿಲಿನ ಮುಖ ಕಾಣೋದೇ ಕಷ್ಟ. ಅಮ್ಮ ಬಚ್ಚಲ ಒಲೆ ಪಕ್ಕ ಹಗ್ಗ ಕಟ್ಟಿ ಹರವ್ತಿದ್ಲು, ಅರ್ಧ ಒಣಗಿದ್ಮೇಲೆ ಅಗ್ಗಿಷ್ಟಿಕೆಗೆ ಕೆಂಡ ಹಾಕಿ ಅದರ ಮೇಲೆ ಬಿದಿರಿನ ಕುಕ್ಕೆ ಬೋರಲು ಮಾಡಿ ಒಂದೊಂದೇ ಲಂಗೋಟಿ ಹರವಿ ಬಿಸಿ ಮಾಡಿ ಕೊಡ್ತಿದ್ಲು, ಆ ಬೆಚ್ಚಗಿನ ಬಟ್ಟೆ ಕಟ್ಟಿದ್ರೆ ಪಾಪು ಹಾಯಾಗಿ ನಿದ್ದೆ ಹೋಗ್ತಿದ್ಲು. (ಕೆಂಡ ಇಡೋದು ಕಿಟಕಿ ತೆಗ್ದಿರೋ ಬೇರೆ ರೂಮಲ್ಲಿ, ಮಗು ಬಾಣಂತಿ ಮಲಗೋ ರೂಮಲ್ಲಿ ಖಂಡಿತ ಬೇಡ, ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣನೂ ಇಲ್ಲ ವಾಸನೆನೂ ಇಲ್ಲ, ಜೀವಕ್ಕೇ ಅಪಾಯ.) ಇದೆಲ್ಲ ನಡೆದಿದ್ದು ಇಬ್ಬರು ಹೆಂಗಸರು ಬೆಳಗಿಂದ ಸಂಜೆವರೆಗೂ ಮಗು ಸುತ್ತಾನೇ ಇದ್ದಿದ್ದಕ್ಕೆ. ಅಮ್ಮ ಇಲ್ಲದ ಮನೇಲಿ, ಸಿಸೇರಿಯನ್ ಆಗಿ ಬಗ್ಗೋಕೂ ಆಗದೇ ಇರೋಳಿಗೆ ಲಂಗೋಟಿನೇ ಕಟ್ಟು ಅಂತ ಉಪದೇಶ ಮಾಡೋದು ನಂಗೆ ಸರಿ ಅನ್ಸಲ್ಲ, ಅಂಥವ್ರು ಮೊದಲ ತಿಂಗಳು ನಿಶ್ಚಿಂತೆಯಿಂದ ಯೂಸ್ ಅಂಡ್ ಥ್ರೋ ಬಳಸ್ಲಿ.

ಬೆಂಗಳೂರಿಗೆ ಬಂದ್ಮೇಲೆ ಈಗಿನ ಕಾಲದ ಬಟ್ಟೆ ಡೈಪರ್. ಹೊರಗಿನ ಪದರ ಪಿಯುಎಲ್ ಅಂತ, ಪಾಲಿಯೆಸ್ಟರ್ ಬಟ್ಟೆಗೆ ತೆಳುವಾದ ಪಾಲಿಯುರೇಥೇನ್ ಪದರ ಅಂಟಿಸಿರ್ತಾರೆ, ನೀರು ಹೊರಗೆ ಬರಲ್ಲ. ಮುಂದೆ ಸಾಲಾಗಿ ಪ್ರೆಸ್ ಬಟನ್ ಇರುತ್ತೆ, ಅದನ್ನ ಬದಲಾಯಿಸ್ತಾ ಹೋದ್ರೆ ಒಂದೇ ಡೈಪರ್ ಮೂರ್ನಾಲ್ಕು ತಿಂಗಳಿಂದ ಡೈಪರ್ ಬಿಡೋವರೆಗೂ ಆಗುತ್ತೆ. ಒಳಗಿನ ವ್ಯವಸ್ಥೆಲಿ ಎರಡು ಥರ ನಾನು ಬಳಸಿದ್ದು. ಒಂದು ಪಾಕೆಟ್, ಅಂದ್ರೆ ಚೀಲದ ಥರ ಇದ್ದು ಒಳಗೆ ಪ್ಯಾಡ್ ತೂರಿಸೋದು. ಇನ್ನೊಂದು ಆಲ್ ಇನ್ ಟೂ, ಪ್ಯಾಡ್‌ನ ಮೇಲೇ ಬಟನ್ ಹಾಕಿ ಕೂರಿಸೋದು.

ಪಾಕೆಟ್ ಅಗ್ಗ, 300-400 ರೂಪಾಯಿಗೆ ಸಿಗುತ್ತೆ, ಪ್ಯಾಡ್ ಹೊರಗೆ ತೆಗೆದು ಒಗೆಯೋದ್ರಿಂದ ಬೇಗ ಒಣಗುತ್ತೆ. ಆದ್ರೆ ಅಗ್ಗದ್ದರ ಜೊತೆ ಬರೋದು ಹೆಚ್ಚಾಗಿ ಮೈಕ್ರೋಫೈಬರ್ ಪ್ಯಾಡ್, ಅದು ತಕ್ಷಣ ಹೀರ್ಕೊಳ್ಳುತ್ತೆ, ಒತ್ತಿದ್ರೆ ಅಷ್ಟೇ ಬೇಗ ಬಿಟ್ಟೂ ಬಿಡುತ್ತೆ, ಮಗು ತೊಡೆ ಮೇಲೆ ಕೂತಾಗ, ಕ್ಯಾರಿಯರ್‌ನಲ್ಲಿ ಕಟ್ಕೊಂಡಾಗ ಅಂಚಿಂದ ಒಸರುತ್ತೆ. ಮೈಕ್ರೋಫೈಬರ್ ನೇರ ಚರ್ಮಕ್ಕೆ ತಾಗ್ಲೂಬಾರ್ದು, ಚರ್ಮದ ತೇವಾನೇ ಎಳ್ಕೊಂಡು ಒಣಗಿಸ್ಬಿಡುತ್ತೆ, ಪಾಕೆಟ್ ಒಳಗೇ ಇರಬೇಕು. ಆಲ್ ಇನ್ ಟೂನ ಕಾಟನ್ ಅಥವಾ ಬ್ಯಾಂಬೂ ಪ್ಯಾಡ್ ನಿಧಾನಕ್ಕೆ ಹೀರ್ಕೊಂಡ್ರೂ ಹಿಡಿದಿಟ್ಕೊಳ್ಳುತ್ತೆ, ಹಗಲು ಎರಡೂವರೆ ಮೂರು ಗಂಟೆ ಆರಾಮ. ಬೆಲೆ ಮಾತ್ರ ಹೆಚ್ಚುಕಮ್ಮಿ ಡಬಲ್, ಮತ್ತೆ ದಪ್ಪ ಪ್ಯಾಡ್ ಒಣಗೋಕೆ ಬಿಸಿಲಿದ್ರೂ ಒಂದು ದಿನ ಬೇಕು, ಮಳೆಗಾಲದಲ್ಲಿ ಫ್ಯಾನ್ ಕೆಳಗೆ ಎರಡು ದಿನ. ನನ್ನ ಓಟು ಇವೆರಡರ ಮಧ್ಯದ್ದಕ್ಕೆ: ಪಾಕೆಟ್ ತಗೊಂಡು ಒಳಗೆ ಮೈಕ್ರೋಫೈಬರ್ ಬದ್ಲು ಹತ್ತಿಯ ಮುಸ್ಲಿನ್ ಚೌಕ ಮಡಚಿ ತೂರಿಸೋದು. ಮುಸ್ಲಿನ್ ಬಿಡಿಸಿ ಹರವಿದ್ರೆ ಲಂಗೋಟಿಯಷ್ಟೇ ಬೇಗ ಒಣಗುತ್ತೆ, ಮಡಚಿದ್ರೆ ಪ್ಯಾಡಿನಷ್ಟೇ ಹೀರುತ್ತೆ.

ಒಗೆಯೋದರ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ, ಯಾಕಂದ್ರೆ ಬಟ್ಟೆ ಡೈಪರ್ ಬಿಟ್ಟುಬಿಟ್ಟ ನನ್ನ ಸ್ನೇಹಿತೆಯರೆಲ್ಲ ಬಿಟ್ಟಿದ್ದು ಇಲ್ಲೇ. ಹೊಸ ಪ್ಯಾಡ್ ತಂದ ದಿನಾನೇ ಹಾಕಿದ್ರೆ ಸೋರುತ್ತೆ, ಹತ್ತಿ ಮತ್ತೆ ಬ್ಯಾಂಬೂ ಮೂರ್ನಾಲ್ಕು ಸಲ ಒಗೆದು ಒಣಗಿಸಿದ ಮೇಲೇ ಸರಿಯಾಗಿ ಹೀರೋಕೆ ಶುರು ಮಾಡೋದು. ಕಕ್ಕ ಆಗಿದ್ರೆ ಟಾಯ್ಲೆಟ್ಟಲ್ಲಿ ಜೆಟ್ ಸ್ಪ್ರೇ ಹಿಡಿದ್ರೆ ಮುಗೀತು, ಕೈ ಹಾಕೋದೇ ಬೇಡ. ಆಮೇಲೆ ಹಿಂಡಿ ಬಕೆಟ್ಟಲ್ಲಿ ಹಾಗೇ ಒಣದಾಗಿ ಇಡೋದು, ನೀರಲ್ಲಿ ನೆನೆಸಿಟ್ರೆ ಗಬ್ಬು ನಾತ. ದಿನ ಬಿಟ್ಟು ದಿನ ಮೆಷಿನ್ನು, ಮೊದ್ಲು ಬರೀ ತಣ್ಣೀರಲ್ಲಿ ಒಂದು ಸುತ್ತು, ಆಮೇಲೆ ಪುಡಿ ಹಾಕಿ 40 ಡಿಗ್ರೀಲಿ ಪೂರ್ತಿ ಸುತ್ತು. ಫ್ಯಾಬ್ರಿಕ್ ಸಾಫ್ಟ್ನರ್ ಹಾಕಲೇಬಾರ್ದು, ಅದು ನೂಲಿನ ಮೇಲೆ ಎಣ್ಣೆ ಜಿಡ್ಡಿನ ಪದರ ಕೂರಿಸುತ್ತೆ, ಆಮೇಲೆ ಪ್ಯಾಡ್ ಮೇಲೆ ನೀರು ಹನಿಯಾಗಿ ಉರುಳುತ್ತೆ ಹೊರತು ಒಳಗೆ ಇಳಿಯಲ್ಲ. ರ‍್ಯಾಶ್ ಕ್ರೀಮಿಂದೂ ಇದೇ ಕಥೆ, ಹಚ್ಚಿದ ದಿನ ಮೇಲೊಂದು ತೆಳು ಬಟ್ಟೆ ಹಾಸಬೇಕು.

ಇನ್ನು ನೀರು. ಬೋರ್‌ವೆಲ್ ಗಡಸು ನೀರಲ್ಲಿ ಒಗೆದ್ರೆ ಪ್ಯಾಡ್ ಹಪ್ಪಳದ ಥರ ಸೆಟೆದು ನಿಲ್ಲುತ್ತೆ, ಲವಣ ಕೂತು ಕೂತು ಹೀರೋದೂ ಕಮ್ಮಿ ಆಗುತ್ತೆ, ಸೋಪೂ ಸರಿಯಾಗಿ ಕೆಲಸ ಮಾಡಲ್ಲ, ಉಚ್ಚೆ ವಾಸನೆ ಉಳಿದುಬಿಡುತ್ತೆ. ಕಾವೇರಿ ನೀರು ಬರೋ ದಿನಾನೇ ನಾವು ಡೈಪರ್ ಒಗೆಯೋದು, ಅದಿಲ್ಲದ ವಾರ ಪುಡಿ ಜೊತೆ ಒಂದು ಚಮಚ ವಾಷಿಂಗ್ ಸೋಡಾ. ಪ್ಯಾಡ್, ಮುಸ್ಲಿನ್ ಎಲ್ಲಾ ರಣಬಿಸಿಲಲ್ಲಿ, ಹಳದಿ ಕಲೆ ಬಿಸಿಲಿಗೇ ಮಾಯ ಆಗುತ್ತೆ, ಬ್ಲೀಚ್ ಬೇಡವೇ ಬೇಡ. ಹೊರಗಿನ ಕವರ್ ಮಾತ್ರ ನೆರಳಲ್ಲಿ, ಬಿಸಿಲಿಗೆ ಪಿಯುಎಲ್ಲೂ ಎಲಾಸ್ಟಿಕ್ಕೂ ಬೇಗ ಹಾಳಾಗುತ್ತೆ.

ಯೂಸ್ ಅಂಡ್ ಥ್ರೋಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಲೇಬೇಕು. ಒಳಗಿರೋ ಸೋಡಿಯಂ ಪಾಲಿಅಕ್ರಿಲೇಟ್ ಪುಡಿ ಉಚ್ಚೆನ ಜೆಲ್ ಮಾಡಿ ಹಿಡಿದಿಡುತ್ತೆ, ಒತ್ತಿದ್ರೂ ಬಿಡಲ್ಲ, ಯಾವ ಬಟ್ಟೆನೂ ಇದಕ್ಕೆ ಸಮ ಇಲ್ಲ. ರಾತ್ರಿ ನಾವು ಎರಡೆರಡು ಪ್ಯಾಡ್ ಹಾಕಿ ಬಟ್ಟೆದೂ ಟ್ರೈ ಮಾಡಿದ್ವಿ, ಬೆಳಗಿನ ಜಾವ ಒದ್ದೆ ಆಗಿ ಮಗು ಎದ್ದು ಅಳೋಳು, ಯೂಸ್ ಅಂಡ್ ಥ್ರೋ ಹಾಕಿದ್ರೆ ಬೆಳಗಿನವರೆಗೂ ನಿದ್ದೆ, ಅವಳಿಗೂ ನಮಗೂ. ರಾತ್ರಿ ಬಸ್ಸು, ಮದುವೆ ಮನೆ, ಭೇದಿ ಆದಾಗ, ಆಗೆಲ್ಲ ಇದೇ. ಹಗಲು ಮಾತ್ರ ಮೂರ್ನಾಲ್ಕು ಗಂಟೆಗೆ ಬದಲಾಯಿಸ್ಲೇಬೇಕು, 12 ಗಂಟೆ ಒಣಗಿರುತ್ತೆ ಅಂತ ಪ್ಯಾಕೆಟ್ ಮೇಲೆ ಬರೆದಿರೋದನ್ನ ನಂಬ್ಕೊಂಡು ಬಿಡೋದಲ್ಲ, ಕಕ್ಕ ಆದ್ರಂತೂ ಆ ಕ್ಷಣವೇ.

ರ‍್ಯಾಶ್ ವಿಷಯದಲ್ಲಿ ಬಟ್ಟೆ ಹಾಕಿದ್ರೆ ಬರೋದೇ ಇಲ್ಲ ಅಂತ ಹೇಳೋರಿದ್ದಾರೆ, ನನ್ನ ಅನುಭವ ಹಾಗಿಲ್ಲ. ತೇವ, ಉಜ್ಜಾಟ, ಕಕ್ಕದಲ್ಲಿರೋ ಎನ್‌ಜೈಮ್, ಇವು ಎಷ್ಟು ಹೊತ್ತು ಚರ್ಮಕ್ಕೆ ತಾಗಿರುತ್ತೋ ಅಷ್ಟು ರ‍್ಯಾಶ್, ಬಟ್ಟೆದಾದ್ರೂ ಅಷ್ಟೇ. ತೊಡೆ ಸಂದಿಲಿ ಗಾಢ ಕೆಂಪಾಗಿ ಸುತ್ತ ಚಿಕ್ಕ ಚಿಕ್ಕ ಗುಳ್ಳೆ ಎದ್ದಿದ್ರೆ ಫಂಗಸ್ ಇರಬಹುದು, ಕೊಬ್ಬರಿ ಎಣ್ಣೆ ಹಚ್ಕೊಂಡು ಕೂರದೆ ಡಾಕ್ಟರಿಗೆ ತೋರಿಸಿ. ಎರಡು ಥರದ ಡೈಪರ್‌ಗಿಂತಲೂ ನಮಗೆ ಹೆಚ್ಚು ಸಹಾಯ ಆಗಿದ್ದು ದಿನಕ್ಕೊಂದಷ್ಟು ಹೊತ್ತು ಏನೂ ಹಾಕದೆ ರಬ್ಬರ್ ಶೀಟ್ ಮೇಲೆ ಆಡೋಕೆ ಬಿಟ್ಟಿದ್ದು.

ದುಡ್ಡಿನ ಲೆಕ್ಕ ಸುಲಭ. ಒಂದು ಯೂಸ್ ಅಂಡ್ ಥ್ರೋ ಡೈಪರ್‌ಗೆ 10 ರೂಪಾಯಿ, ದಿನಕ್ಕೆ 6 ಅಂದ್ರೆ ತಿಂಗಳಿಗೆ 1800, ಎರಡು ವರ್ಷಕ್ಕೆ 43,200. ಪಾಕೆಟ್ 400ರ ಹಾಗೆ 24 ತಗೊಂಡ್ರೆ 9600, ರಾತ್ರಿಗೊಂದು ಯೂಸ್ ಅಂಡ್ ಥ್ರೋ ಸೇರಿಸಿದ್ರೆ ಎರಡು ವರ್ಷಕ್ಕೆ ಇನ್ನೊಂದು 7200, ಒಟ್ಟು 16,800. ಸೋಪು ಕರೆಂಟು ಸೇರಿಸಿದ್ರೂ ಅರ್ಧಕ್ಕಿಂತ ಕಮ್ಮೀಲೇ ಮುಗಿಯುತ್ತೆ. ಟ್ಯಾಂಕರ್ ನೀರು ತರಿಸೋ ಮನೆ ಆದ್ರೆ ನೀರಿನ ಖರ್ಚನ್ನೂ ಸೇರಿಸಿ ಲೆಕ್ಕ ಹಾಕ್ಬೇಕು.

ನನ್ನ ಮನಸ್ಸು ನಿಜವಾಗ್ಲೂ ಬಟ್ಟೆ ಕಡೆ ವಾಲಿದ್ದು ಕಸದ ವಿಷಯಕ್ಕೆ. ಘನತ್ಯಾಜ್ಯ ನಿಯಮದ ಪ್ರಕಾರ ಬಳಸಿದ ಡೈಪರ್‌ನ ಸರಿಯಾಗಿ ಸುತ್ತಿಯೇ ಕೊಡಬೇಕು, ಬೆಂಗಳೂರಲ್ಲಿ ಹಸಿ ಕಸಕ್ಕೆ ಹಸಿರು, ಇಂಥದ್ದಕ್ಕೆ ಕೆಂಪು ಡಬ್ಬ ಅಂತಾನೂ ಮಾಡಿದ್ದಾರೆ. ಆದ್ರೂ ಎಷ್ಟೋ ಮನೆಯಿಂದ ಹಸಿ ಕಸದ ಜೊತೆನೇ ಡೈಪರ್ ಬರುತ್ತೆ, ಆಟೋ ಪಕ್ಕ ನಿಂತಿರೋ ಅಕ್ಕ ಕೈಯಲ್ಲೇ ಅದನ್ನ ಆರಿಸಿ ತೆಗೀತಾರೆ. ಪ್ಯಾಕೆಟ್ ಹಿಂದೆ ಸಣ್ಣಕ್ಷರದಲ್ಲಿ ಕಕ್ಕನ ಟಾಯ್ಲೆಟ್ಟಿಗೆ ಹಾಕಿ ಆಮೇಲೆ ಬಿಸಾಡಿ ಅಂತ ಬರೆದಿರುತ್ತೆ, ಹಾಗೆ ಮಾಡೋರನ್ನ ನಾನಂತೂ ನೋಡಿಲ್ಲ. ನಮ್ಮ ಮಗುವಿನ ಕಕ್ಕ ಇನ್ನೊಬ್ಬರ ಕೈಗೆ ಹೋಗಬಾರ್ದು, ಇಷ್ಟು ಮಾತ್ರ ನಂಗೆ ಖಚಿತ. ಅದಕ್ಕೇ ರಾತ್ರಿಯ ಆ ಒಂದು ಡೈಪರ್‌ನೂ ತೊಳೆದು, ಪೇಪರಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಕೊಡ್ತೀವಿ. ಇನ್ನು ಊರಲ್ಲಿ ತೋಟದ ಒಂಟಿ ಮನೆಗೆ ಕಸದ ಗಾಡಿ ಬರಲ್ಲ, ಅಲ್ಲಿ ಸುಡಬೇಕು ಇಲ್ಲ ಹೂಳಬೇಕು, ಸುಟ್ರೆ ಪ್ಲಾಸ್ಟಿಕ್ ಹೊಗೆ, ಹೂತ್ರೆ ನಾಯಿ ಕೆದಕಿ ಅಂಗಳಕ್ಕೇ ತರುತ್ತೆ. ಅಂಥ ಕಡೆ ಬಟ್ಟೆ ಬಿಟ್ರೆ ಬೇರೆ ದಾರಿನೇ ಇಲ್ಲ ಅನ್ಸುತ್ತೆ.

ಬಟ್ಟೆ ಒಗೆಯೋಕೆ ನೀರು ಕರೆಂಟು ಖರ್ಚಾಗಲ್ವಾ ಅಂತ ಕೇಳೋರಿಗೆ: ಬ್ರಿಟನ್ನಲ್ಲಿ 2008ರಲ್ಲಿ ಅಲ್ಲಿನ ಸರ್ಕಾರವೇ ಮಾಡಿಸಿದ ಅಧ್ಯಯನದಲ್ಲಿ ಎರಡೂವರೆ ವರ್ಷಕ್ಕೆ ಯೂಸ್ ಅಂಡ್ ಥ್ರೋ ಇಂದ ಸುಮಾರು 550 ಕೆಜಿ, ಬಟ್ಟೆಯಿಂದ ಸುಮಾರು 570 ಕೆಜಿ ಕಾರ್ಬನ್ ಡೈಆಕ್ಸೈಡ್‌ಗೆ ಸಮನಾದ ಮಾಲಿನ್ಯ ಅಂತ ಬಂತು, ಅಂದ್ರೆ ಬಹುತೇಕ ಸಮ. ಆದ್ರೆ ಅದೇ ಅಧ್ಯಯನ ಹೇಳೋ ಪ್ರಕಾರ ಹಗ್ಗದ ಮೇಲೆ ಒಣಗಿಸಿ, ಮೆಷಿನ್ ತುಂಬಾ ಹಾಕಿ ಒಗೆದು, ಎರಡನೇ ಮಗುಗೂ ಅದನ್ನೇ ಬಳಸಿದ್ರೆ ಬಟ್ಟೆಯ ಲೆಕ್ಕ 40 ಪರ್ಸೆಂಟ್ ಇಳಿಯುತ್ತೆ, ಕುದಿಯೋ ನೀರು ಡ್ರೈಯರ್ ಅಂತ ಹೋದ್ರೆ 75 ಪರ್ಸೆಂಟ್ ಏರುತ್ತೆ. ಹಗ್ಗ, ಬಿಸಿಲು, ಎರಡನೇ ಮಗು, ಇದು ನಮ್ಮಲ್ಲಿ ನಡ್ಕೊಂಡೇ ಬಂದಿರೋದು.

ಒಗೆಯೋರು ಯಾರು ಅನ್ನೋದನ್ನ ಮಾತ್ರ ಮಗು ಹುಟ್ಟೋ ಮುಂಚೆನೇ ಗಂಡ ಹೆಂಡ್ತಿ ಕೂತು ಮಾತಾಡ್ಕೊಳ್ಳಿ. ನಮ್ಮನೇಲಿ ಮೆಷಿನ್ನು ಹಗ್ಗ ಎರಡೂ ನಮ್ಮ ಯಜಮಾನ್ರದ್ದು, ಮಡಚಿ ತೂರಿಸಿಡೋದು ನಂದು, ಅದಕ್ಕೇ ಇದು ನಡೀತಿದೆ. ಎಲ್ಲಾ ತಾಯಿ ತಲೆ ಮೇಲೇ ಬಿದ್ರೆ ಬಟ್ಟೆ ಡೈಪರ್ ಒಂದು ಶಿಕ್ಷೆ ಆಗುತ್ತೆ. ಡೇಕೇರ್ ಸೇರಿಸೋದಿದ್ರೆ ಮೊದ್ಲೇ ಕೇಳಿ, ತುಂಬಾ ಕಡೆ ಬಟ್ಟೆದು ಬೇಡ ಅಂತಾರೆ.

ಶುರು ಮಾಡೋರು 24 ಒಟ್ಟಿಗೆ ಆರ್ಡರ್ ಮಾಡ್ಬೇಡಿ. ಪಾಕೆಟ್ ಎರಡು, ಆಲ್ ಇನ್ ಟೂ ಒಂದು, ಮುಸ್ಲಿನ್ ಒಂದು ಡಜನ್ ತಗೊಂಡು ಎರಡು ವಾರ ನೋಡಿ, ತೊಡೆ ಹತ್ರ ಬೆರಳು ಹಾಕಿದ್ರೆ ಎಲಾಸ್ಟಿಕ್ ಚರ್ಮಕ್ಕೆ ಕೂತಿರಬೇಕು ಆದ್ರೆ ಗುರುತು ಉಳೀಬಾರ್ದು, ಸಣ್ಣ ಕಾಲಿನ ಮಗು ದಪ್ಪ ಕಾಲಿನ ಮಗು ಎರಡಕ್ಕೂ ಒಂದೇ ಡೈಪರ್ ಹೊಂದಲ್ಲ. ಅಕ್ಕಂದೋ ನಾದಿನಿದೋ ಹಳೇದು ಇದ್ರೆ ಸಂಕೋಚ ಇಲ್ಲದೆ ಇಸ್ಕೊಳ್ಳಿ, ತಗೊಳ್ಳುವಾಗ ಕವರ್‌ನ ಬೆಳಕಿಗೆ ಹಿಡಿದು ಒಳಗಿನ ಪದರ ಬಿರುಕು ಬಿಟ್ಟಿಲ್ಲ ತಾನೇ ಅಂತ ನೋಡಿ. ಎಲಾಸ್ಟಿಕ್ ಸಡಿಲ ಆಗಿದ್ರೆ ಚಿಂತೆ ಇಲ್ಲ, ಬೀದಿ ಕೊನೆಯ ಟೈಲರ್ ಹತ್ರ ಕೊಟ್ರೆ ಹೊಸದು ಹಾಕಿಕೊಡ್ತಾರೆ.