ಉರ್ದು ಪದಗಳ ಕಾರ್ಡಿಗೆ ಯಾರ ದನಿ ಹಾಕೋದು?

ಕಲಬುರಗಿ ಕಡೆ ಹಳೇ ಜಮೀನಿನ ಕಾಗದ ಓದಬೇಕಂದ್ರೆ ಉರ್ದು ಬೇಕೇ ಬೇಕು. 1948ರವರೆಗೆ ಇದು ನಿಜಾಮರ ಸೀಮೆ, ಕಂದಾಯದ ಬರವಣಿಗೆ ಉರ್ದುವಿನಲ್ಲೇ ನಡೀತಿತ್ತು. ನಮ್ಮ ಮನೆಯ ಟ್ರಂಕಿನಲ್ಲೂ ಅಂಥದೊಂದು ಕಟ್ಟು ಇದೆ. ಅಕ್ಷರ ಕಲಿತ ಮೇಲೆ ಪದಗಳಿಗಾಗಿ ಆ್ಯಂಕಿ ಹಿಡಿದೆ, ಮುಂದೆ ಪದ ಹಿಂದೆ ಉತ್ತರ ಇರುವ ಕಾರ್ಡು ತಿರುವಿ ನೆನಪಿಡುವ ಆ್ಯಪ್ ಅದು. ಆಂಡ್ರಾಯ್ಡ್ ಫೋನಿನಲ್ಲಿ ಅದು ಆ್ಯಂಕಿಡ್ರಾಯ್ಡ್ ಹೆಸರಿನಲ್ಲಿ ಪುಕ್ಕಟೆ ಸಿಗುತ್ತದೆ.

ಓದೋದಕ್ಕೆ ದನಿ ಯಾಕೆ ಅಂತ ಕೇಳಬಹುದು. ಉರ್ದುವಿನಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯೋದಿಲ್ಲ. ಅಲಿಫ್, ಸೀನ್ ಎರಡೇ ಅಕ್ಷರ ಇದ್ದರೆ ‘ಇಸ್’ ಅಂತಲೂ ಓದಬಹುದು, ‘ಉಸ್’ ಅಂತಲೂ ಓದಬಹುದು. ಬಿಟ್ಟುಹೋದ ಸ್ವರ ಕಿವಿಯಿಂದಲೇ ಬರಬೇಕು.

ಮೊದಲು ಫೋನಿನಲ್ಲೇ ಇರುವ ಯಂತ್ರದ ದನಿ ಹಾಕಿ ನೋಡಿದೆ. ಕಾರ್ಡಿನ ನಮೂನೆಯಲ್ಲಿ ಒಂದು ಸಾಲು ಸೇರಿಸಿದರೆ ಎಲ್ಲ ಕಾರ್ಡೂ ಮಾತಾಡುತ್ತವೆ, ರೆಕಾರ್ಡಿಂಗಿನ ಗೋಜಿಲ್ಲ. ಆದರೆ ಒಂಟಿ ಪದ ಕೊಟ್ಟಾಗ ಅದೂ ನನ್ನ ಹಾಗೇ ಊಹೆ ಮಾಡುತ್ತದೆ. ಹ್ರಸ್ವ ಸ್ವರದ ಗುರುತುಗಳಾದ ಜೇರ್, ಜಬರ್, ಪೇಶ್ ಹಾಕಿದ ರೂಪವನ್ನು ಕಾರ್ಡಿನ ಬೇರೆ ಫೀಲ್ಡಿನಲ್ಲಿ (ಖಾನೆಯಲ್ಲಿ) ಇಟ್ಟು ಅದನ್ನು ಓದಿಸಿದರೆ ಎಷ್ಟೋ ವಾಸಿ. ಆದರೆ ಆ ಗುರುತು ಹಾಕಬೇಕಾದರೆ ಉಚ್ಚಾರ ಮೊದಲೇ ಗೊತ್ತಿರಬೇಕಲ್ಲ!

ಹಾಗಾಗಿ ನೆಟ್‌ನಲ್ಲಿರುವ ರೇಖ್ತಾ ಉರ್ದು ನಿಘಂಟಿಗೆ ಹೋದೆ. ಅಲ್ಲಿ ಮನುಷ್ಯರ ದನಿಯೇ ಕೇಳಸಿಗುತ್ತದೆ. ಜೊತೆಗೆ ಪದ ನಾಗರಿಯಲ್ಲೂ ರೋಮನ್ನಿನಲ್ಲೂ ಇರುತ್ತದೆ, ಅನುಮಾನ ಅಲ್ಲೇ ಮುಗಿಯಿತು. ಉಚ್ಚಾರ ಶುದ್ಧ. ನಾನು ಕಾರ್ಡಿನಲ್ಲಿ ಬರೀ ಕೊಂಡಿ ಇಟ್ಟುಕೊಂಡಿದ್ದರಿಂದ ಪ್ರತಿ ಪದಕ್ಕೂ ಆಚೆ ಹೋಗಿ ಬರಬೇಕು, ನೆಟ್ ಬೇಕು. ಬಸ್ಸಿನಲ್ಲಿ ಕೂತು ಕಾರ್ಡು ತಿರುವುವವರಿಗೆ ಇದು ಒಗ್ಗೋದಿಲ್ಲ.

ಮೂರನೆಯದು ನಮ್ಮ ಪಕ್ಕದ ಮನೆ ಚಾಚಾ. ಉರ್ದು ಮೀಡಿಯಂ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಆ್ಯಂಕಿಡ್ರಾಯ್ಡಿನಲ್ಲಿ ಕಾರ್ಡು ಬರೆಯುವಾಗಲೇ ಮೈಕ್ ಒತ್ತಿ ದನಿ ತುಂಬಬಹುದು. ಒಂದೊಂದು ಪದ ಎರಡು ಸೆಕೆಂಡು, 64 ಕೆಬಿಪಿಎಸ್ ಎಂಪಿ3 ಆದರೆ ಸುಮಾರು 16 ಕೆಬಿ. ಸಾವಿರ ಪದ ತುಂಬಿದರೂ 16 ಎಂಬಿ ಅಷ್ಟೇ. ತೊಂದರೆ ಕೊಟ್ಟದ್ದು ಫ್ಯಾನು. ನಮ್ಮೂರ ಏಪ್ರಿಲ್‌ನಲ್ಲಿ ಫ್ಯಾನ್ ಆರಿಸಿರಿ ಅಂತ ಹಿರಿಯರಿಗೆ ಹೇಳೋದುಂಟಾ? ಫೋನನ್ನು ಬಾಯಿಯ ಹತ್ತಿರ ಹಿಡಿದು ಅಷ್ಟಕ್ಕೇ ತೃಪ್ತಿಪಟ್ಟೆ.

ತಮಾಷೆ ಇರೋದು ಗಂಟಲಿನಿಂದ ನುಡಿಯುವ ‘ಕ’, ಅಂದರೆ ಕಾಫ್ (ق) ಅಕ್ಷರದಲ್ಲಿ. ನಮ್ಮ ಕಡೆಯ ಆಡುಮಾತಿನ ಉರ್ದು ದಖನಿಯಲ್ಲಿ ಅದು ‘ಖ’ ಆಗುತ್ತದೆ. ಕಬ್ಜಾ ಹೋಗಿ ಖಬ್ಜಾ, ಕರ್ಜ್ ಹೋಗಿ ಖರ್ಜ್. ಗೋರಿಗೆ ಹೇಳುವ ಕಬ್ರೂ ಖಬರ್, ಸುದ್ದಿಯೂ ಖಬರ್. ಬಜಾರಿನಲ್ಲಿ ಮಾತಾಡೋಕೆ ಇದೇ ಸರಿ. ಆದರೆ ಕೇಳಿದ್ದನ್ನು ಅಕ್ಷರಕ್ಕೆ ಹೊಂದಿಸುವಾಗ ಕಾಫ್ ಬರೆಯೋದೋ ಖೇ ಬರೆಯೋದೋ ಅಂತ ಕೈ ನಿಲ್ಲುತ್ತದೆ. ಚಾಚಾಗೆ ಹೇಳಿದರೆ ನಕ್ಕರು. “ಬೇಟಾ, ಎರಡ್ ಸಲ ಹೇಳ್ತೀನಿ ತಗೋ. ಒಂದ್ ಕಿತಾಬಿನ ಹಂಗ, ಒಂದ್ ನಾವ್ ಮಾತಾಡೋ ಹಂಗ.” ಈಗ ಎರಡಕ್ಕೂ ಬೇರೆ ಬೇರೆ ಫೀಲ್ಡು. ಕಿತಾಬಿನದು ತಾನಾಗಿ ನುಡಿಯುತ್ತದೆ, ಮನೆಯದು ಒತ್ತಿದರೆ ಮಾತ್ರ. ಹೋಲಿಸಿದರೆ ಯಂತ್ರವೂ ನಿಘಂಟೂ ಕೊಡಲಾರದ್ದು ಇದೇ, ನನ್ನ ಓಟು ಚಾಚಾಗೇ.

ದನಿ ಯಾರದ್ದಾದರೂ ಅದನ್ನು ಕಾರ್ಡಿನ ಹಿಂಬದಿಗೆ ಹಾಕಿ. ಮುಂಬದಿಯಲ್ಲಿ ಇಟ್ಟರೆ ಕಣ್ಣು ಅಕ್ಷರದ ಮೇಲೆ ಬೀಳುವ ಮೊದಲೇ ಕಿವಿ ಉತ್ತರ ಹೇಳಿಬಿಡುತ್ತದೆ, ಓದೋದು ಅಲ್ಲಿಗೇ ನಿಂತಿತು. ಕೇಳಿ ಗುರುತಿಸುವ ಅಭ್ಯಾಸ ಬೇಕಿದ್ದವರು ಅದೇ ಪದಕ್ಕೆ ಬರೀ ದನಿಯ ಇನ್ನೊಂದು ಕಾರ್ಡು ಮಾಡಿಕೊಳ್ಳಲಿ. ಇನ್ನು ಶಿಕಸ್ತಾ ಕೈಬರಹದ ಗೀಚು ಬಿಡಿಸೋಕೆ ಯಾವ ದನಿಯೂ ನೆರವಿಗೆ ಬರೋದಿಲ್ಲ, ಅದಕ್ಕೆ ಕಾಗದವನ್ನೇ ನೋಡಿ ನೋಡಿ ಕಣ್ಣು ಪಳಗಬೇಕು.

ಯಂತ್ರವನ್ನು ಪೂರ್ತಿ ಕೈಬಿಟ್ಟಿಲ್ಲ. ಉರ್ದುವಿನಲ್ಲಿ ನೂರರವರೆಗಿನ ಸಂಖ್ಯೆಗಳು ಒಂದೊಂದೂ ಒಂದೊಂದು ಥರ. 37 ಸೈಂತೀಸ್, 47 ಸೈಂತಾಲೀಸ್. ಅಂಕಿ ಕೊಟ್ಟರೆ ಯಂತ್ರಕ್ಕೆ ಊಹೆಯ ಕೆಲಸವಿಲ್ಲ, ತಪ್ಪದೆ ಓದುತ್ತದೆ. ನಮ್ಮ ಕಾಗದಗಳಲ್ಲಿ ವರ್ಷ ಫಸ್ಲಿಯಲ್ಲಿದೆ, ಅಂದರೆ ಕಂದಾಯದ ಲೆಕ್ಕದ ವರ್ಷದಲ್ಲಿ. 590 ಕೂಡಿಸಿದರೆ ಇಸವಿ ಸಿಗುತ್ತದೆ, 1357 ಫಸ್ಲಿ ಅಂದರೆ 1947-48. ಅಂಥ ವರ್ಷ, ಸರ್ವೆ ನಂಬರ್, ಎಕರೆ-ಗುಂಟೆಯ ಕಾರ್ಡುಗಳನ್ನೆಲ್ಲ ಈಗಲೂ ಯಂತ್ರವೇ ಓದುತ್ತದೆ. ಅಷ್ಟಕ್ಕೆ ಚಾಚಾರನ್ನು ಕೂರಿಸೋದು ಬೇಡ.