ಬೆಲ್ಲ ಒಬ್ಬನೇ ಇರುವ ಹತ್ತೂವರೆ ಗಂಟೆ

ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ಬಾಗಿಲು ಹಾಕಿಕೊಂಡು ಹೊರಟರೆ ನಾನು ಮನೆ ಸೇರುವುದು ಸಂಜೆ ಏಳೂ ಕಾಲಿಗೆ. ಬೆಂಗಳೂರಿನ ವಿಜಯನಗರದಿಂದ ಎಂ.ಜಿ. ರಸ್ತೆಗೆ ನೇರಳೆ ಮಾರ್ಗದ ಮೆಟ್ರೊ, ಅಲ್ಲಿ ಬ್ಯಾಂಕಿನ ಸಾಲ ವಿಭಾಗ, ಮತ್ತೆ ಮೆಟ್ರೊ. ಒಟ್ಟು ಹತ್ತೂವರೆ ಗಂಟೆ. 2020ರ ಲಾಕ್‌ಡೌನಿನಲ್ಲಿ ಚರಂಡಿಯ ಪಕ್ಕದಿಂದ ಎತ್ತಿಕೊಂಡು ಬಂದ ನನ್ನ ನಾಯಿ ಬೆಲ್ಲನಿಗೆ ಮೂರು ವರ್ಷ ಈ ಲೆಕ್ಕ ಗೊತ್ತೇ ಇರಲಿಲ್ಲ. ನನ್ನ ತಮ್ಮ ಮನೆಯಿಂದಲೇ ಕೆಲಸ ಮಾಡುತ್ತಿದ್ದ, ಅವನ ಕುರ್ಚಿಯ ಕೆಳಗೆ ಬೆಲ್ಲ ಮಲಗಿರುತ್ತಿದ್ದ. ತಮ್ಮನಿಗೆ ಪುಣೆಗೆ ವರ್ಗವಾಯಿತು. ಕುರ್ಚಿ ಉಳಿಯಿತು, ನಾಯಿ ಉಳಿಯಿತು.

ಆಮೇಲಿನ ಒಂದೂವರೆ ವರ್ಷದಲ್ಲಿ, ಹಗಲೆಲ್ಲ ಒಬ್ಬನೇ ಇರಬೇಕಾದ ಬೆಲ್ಲನಿಗಾಗಿ ಯಾರು ಯಾವ ಉಪಾಯ ಹೇಳಿದರೂ ಮಾಡಿ ನೋಡಿದ್ದೇನೆ.

ಮೊದಲನೆಯದು ಎಲ್ಲರೂ ಹೇಳುವ ಉಪಾಯ: 'ನಾಯಿಯಲ್ಲವೇ, ಮಲಗಿರುತ್ತದೆ ಬಿಡಿ.' ಇದರಲ್ಲಿ ಸುಳ್ಳಿಲ್ಲ. ಬೆಳೆದ ನಾಯಿ ದಿನಕ್ಕೆ ಸುಮಾರು ಹನ್ನೆರಡು ಗಂಟೆ ನಿದ್ದೆ ಮಾಡುತ್ತದೆ. ಒಂದು ಬಟ್ಟಲು ನೀರು, ತಿರುಗುವ ಫ್ಯಾನು, ನನ್ನ ಹಳೆಯ ಶಾಲು ಇಟ್ಟು ಹೊರಟೆ. ಮೊದಲ ದಿನ ಸಂಜೆ ಬಂದಾಗ ಬಾಗಿಲ ಚೌಕಟ್ಟಿನ ಕೆಳಗೆ ಮರದ ಪುಡಿ, ಗ್ಯಾಸ್ ಸಿಲಿಂಡರಿನ ಸುತ್ತ ಉಚ್ಚೆ. ನಾಲ್ಕನೆಯ ದಿನ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಬಂದು ನಿಂತರು. "ಮೇಡಂ, ಒಂಬತ್ತರಿಂದ ಹತ್ತೂವರೆಯವರೆಗೆ ನಿಮ್ಮ ನಾಯಿ ಊಳಿಡುತ್ತದೆ. ಮೇಲಿನ ಮನೆಯ ಹುಡುಗನಿಗೆ ಪರೀಕ್ಷೆ ಇದೆ." ಸಾಕುನಾಯಿಯನ್ನು ಸಂಘಗಳು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ, ಅದು ನನ್ನ ಮೊಬೈಲಿನಲ್ಲೂ ಇತ್ತು. ಆದರೆ ತೆಗೆದು ತೋರಿಸಲು ಮುಖ ಬರಲಿಲ್ಲ. ಒಂದೂವರೆ ಗಂಟೆ ಊಳು ಕೇಳಿಸಿಕೊಂಡವರ ಮುಂದೆ ಕಾನೂನು ಓದುವುದು ಚೆನ್ನಾಗಿರುವುದಿಲ್ಲ.

ಬಾಲ್ಕನಿಯಲ್ಲಿ ಸರಪಳಿ ಹಾಕಿ ಕಟ್ಟಿರಿ ಎಂದವರೂ ಇದ್ದರು. ಅದನ್ನು ಮಾತ್ರ ಮಾಡಲಿಲ್ಲ. ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಯನ್ನು ಓಡಾಡಿಸದೆ ಇರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ. ಇವತ್ತು ಅಷ್ಟಕ್ಕೆ ಒಂದು ಮಸಾಲೆ ದೋಸೆಯೂ ಬರುವುದಿಲ್ಲ, ಆ ಮಾತು ಬೇರೆ.

ಎರಡನೆಯದು ಕ್ಯಾಮೆರಾ. ಎರಡು ಸಾವಿರದ ನಾನೂರು ರೂಪಾಯಿ ಕೊಟ್ಟು, ಮಾತನಾಡಲೂ ಬರುವಂಥದ್ದನ್ನು ತಂದು ಟಿ.ವಿ. ಮೇಲೆ ಕೂರಿಸಿದೆ. ಮರುದಿನ ಕಚೇರಿಯಲ್ಲಿ ಫೈಲುಗಳ ನಡುವೆ ಮೊಬೈಲ್ ನಿಲ್ಲಿಸಿಕೊಂಡು ನೋಡಿದೆ. ಬೆಲ್ಲ ಬಾಗಿಲ ಬಳಿ ನಿಂತಿದ್ದ. ಕೂರಲಿಲ್ಲ, ನಿಂತೇ ಇದ್ದ. ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಹದಿನಾಲ್ಕು ಸಲ ಹೋಗಿ ಬಂದ. ನಾಲಿಗೆ ಹೊರಚಾಚಿ ಏದುಸಿರು ಬಿಡುತ್ತಿದ್ದ, ಅದು ಡಿಸೆಂಬರ್ ತಿಂಗಳು. ಜೊಲ್ಲು ನೆಲದ ಮೇಲೆ ಒಂದು ಗೆರೆಯಾಗಿತ್ತು. ಶಾಲಿನ ಪಕ್ಕದಲ್ಲಿ ಇಟ್ಟು ಬಂದಿದ್ದ ಬೇಯಿಸಿದ ಕೋಳಿ ಹಾಗೆಯೇ ಇತ್ತು. ಮನೆಯಲ್ಲಿ ನಾನಿದ್ದಾಗ ಈರುಳ್ಳಿ ಸಿಪ್ಪೆ ಬಿದ್ದರೂ ಮೂಸಲು ಓಡಿ ಬರುವ ನಾಯಿ ಅದು.

ತಡೆಯಲಾರದೆ "ಬೆಲ್ಲಾ" ಎಂದೆ. ಅವನ ಕಿವಿ ನಿಮಿರಿತು. ಮೊದಲು ಟಿ.ವಿ.ಯ ಹಿಂದೆ ಹುಡುಕಿದ, ಆಮೇಲೆ ಮಂಚದ ಕೆಳಗೆ, ಆಮೇಲೆ ಫ್ರಿಜ್ಜಿನ ಸಂದಿಯಲ್ಲಿ. ಎಲ್ಲೂ ಸಿಗದೆ ಹೋದಾಗ ಕುತ್ತಿಗೆ ಮೇಲೆತ್ತಿ ಊಳಿಟ್ಟನಲ್ಲ, ಮೊಬೈಲಿನಿಂದ ಬಂದ ಆ ಸದ್ದಿಗೆ ಎದುರು ಕೂತಿದ್ದ ಗೃಹಸಾಲದ ಗ್ರಾಹಕರು ತಮ್ಮ ಅರ್ಜಿಯಲ್ಲಿ ಏನೋ ತಪ್ಪಾಗಿದೆ ಎಂದುಕೊಂಡರು. ಅಂದಿನಿಂದ ಮಾತನಾಡುವ ಗುಂಡಿ ಮುಟ್ಟಿಲ್ಲ. ಕ್ಯಾಮೆರಾದಿಂದ ನಾಯಿಗೆ ಜೊತೆ ಸಿಗುವುದಿಲ್ಲ, ನಮಗೆ ಕಣ್ಣು ಸಿಗುತ್ತದೆ, ಅಷ್ಟೇ. ಆದರೂ ಬೇರೆ ಯಾವುದಕ್ಕೆ ದುಡ್ಡು ಸುರಿಯುವ ಮೊದಲೂ ಇದನ್ನೇ ತನ್ನಿ ಎನ್ನುತ್ತೇನೆ. ಏಕೆಂದರೆ ಆ ವಿಡಿಯೊ ನೋಡಿದ ಪಶುವೈದ್ಯರು ಐದು ನಿಮಿಷದಲ್ಲಿ ನನ್ನ ತಲೆಯಲ್ಲಿದ್ದ ಗೋಜಲು ಬಿಡಿಸಿದರು.

ಅವರು ಹೇಳಿದ್ದು ಇಷ್ಟು. ಒಂಟಿ ನಾಯಿಗೆ ಮೂರು ಬಗೆಯ ತೊಂದರೆ: ಭಯ, ಬೇಸರ, ಮೂತ್ರದ ಒತ್ತಡ. ಭಯವಾದರೆ ನೀವು ಹೊರಟ ಮೊದಲ ಅರ್ಧ ಗಂಟೆಯಲ್ಲೇ ಕಾಣಿಸಿಕೊಳ್ಳುತ್ತದೆ, ನಾಯಿ ತಿಂಡಿ ಮುಟ್ಟುವುದಿಲ್ಲ, ಕೆರೆಯುವುದು ಬಾಗಿಲನ್ನೇ. ಬೇಸರದ ನಾಯಿ ಮೊದಲು ತಿಂಡಿ ಮುಗಿಸಿ, ಒಂದು ನಿದ್ದೆ ತೆಗೆದು, ಹನ್ನೆರಡು ಗಂಟೆಯ ಮೇಲೆ ದಿಂಬು ಹರಿಯುತ್ತದೆ. ಮೂರನೆಯದಕ್ಕೆ ಗಡಿಯಾರ ನೋಡಿದರೆ ಸಾಕು. ಸ್ವೀಡನ್ನಿನಲ್ಲಿ ಹಗಲು ಹೊತ್ತು ಆರು ಗಂಟೆಗೊಮ್ಮೆಯಾದರೂ ನಾಯಿಯನ್ನು ಹೊರಗೆ ಬಿಡಲೇಬೇಕೆಂಬ ಸರ್ಕಾರಿ ನಿಯಮವೇ ಇದೆ. ನನ್ನದು ಹತ್ತೂವರೆ. ಒಂದಕ್ಕೆ ಮಾಡುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ ಎಂದು ತಿಳಿದ ಮೇಲೆ ಮುಂದಿನದನ್ನೆಲ್ಲ ಈ ಮೂರರ ತಕ್ಕಡಿಯಲ್ಲೇ ತೂಗಿದೆ.

ಹಗಲಿಡೀ ನಾಯಿಗಳನ್ನು ನೋಡಿಕೊಳ್ಳುವ ಡೇಕೇರ್ ಮೂರಕ್ಕೂ ಉತ್ತರ. ದಿನಕ್ಕೆ ಏಳುನೂರು ರೂಪಾಯಿ. ಬೆಳಿಗ್ಗೆ ವ್ಯಾನು ಬಂದು ಕರೆದುಕೊಂಡು ಹೋಗುತ್ತಿತ್ತು, ಹುಲ್ಲಿನ ಅಂಗಳ, ಇಪ್ಪತ್ತು ನಾಯಿಗಳು, ನೋಡಿಕೊಳ್ಳುವ ಮೂವರು ಹುಡುಗರು. ಊಳು ನಿಂತಿತು, ಕಾರ್ಯದರ್ಶಿಗಳು ಲಿಫ್ಟಿನಲ್ಲಿ ನಕ್ಕರು. ಎರಡನೆಯ ವಾರ ಬೆಲ್ಲ ಗಂಟಲಲ್ಲಿ ಮೂಳೆ ಸಿಕ್ಕಿಕೊಂಡವನ ಹಾಗೆ ಕೆಮ್ಮಲು ಶುರುಮಾಡಿದ. ಕೆನಲ್ ಕಾಫ್. ನಾಯಿಗಳು ಗುಂಪಾಗಿ ಇರುವಲ್ಲಿ ಗಾಳಿಯಲ್ಲೇ ಹರಡುವ ಕೆಮ್ಮು, ಅದಕ್ಕೆ ಲಸಿಕೆ ಇದೆ, ನಾನು ಹಾಕಿಸಿರಲಿಲ್ಲ, ಅವರೂ ಕೇಳಿರಲಿಲ್ಲ. ರೇಬೀಸ್ ಚೀಟಿ ಒಂದನ್ನು ನೋಡಿ ಸೇರಿಸಿಕೊಂಡಿದ್ದರು. ಅದು ಗುಣವಾಗುವಷ್ಟರಲ್ಲಿ ಕಿವಿಯ ಹಿಂದೆ ಉಣ್ಣಿ. ಬೆರಳಿನಿಂದ ತಡವಿದರೆ ಹುರುಳಿಕಾಳಿನಂತೆ ಸಿಗುತ್ತಿದ್ದವು. ಉಣ್ಣಿಯಿಂದ ಬರುವ ಜ್ವರಕ್ಕೆ ಈ ಊರಿನಲ್ಲಿ ಎಷ್ಟೋ ನಾಯಿಗಳ ಪ್ಲೇಟ್‌ಲೆಟ್ ಇಳಿದುಹೋಗಿರುವುದನ್ನು ಆಸ್ಪತ್ರೆಯ ಬೆಂಚಿನಲ್ಲಿ ಕೂತು ಕೇಳಿದ್ದೆ, ಹೆದರಿದೆ. ತಿಂಗಳಿಗೆ ಇಪ್ಪತ್ತೆರಡು ಕೆಲಸದ ದಿನಕ್ಕೆ ಹದಿನೈದು ಸಾವಿರದ ನಾನೂರು ರೂಪಾಯಿ ಎಂಬ ಲೆಕ್ಕವೂ ಹೆದರಿಸಿತು. ಡೇಕೇರ್ ಕೆಟ್ಟದ್ದು ಎನ್ನಲಾರೆ. ವಯಸ್ಸಿನ ಮದ ಇಳಿಯದ ಲ್ಯಾಬ್ರಡಾರ್ ಇದ್ದವರಿಗೆ ಅದು ಸ್ವರ್ಗವೇ ಇರಬಹುದು. ಬೆಲ್ಲ ಮಾತ್ರ ಇಪ್ಪತ್ತು ನಾಯಿಗಳ ನಡುವೆ ಗೋಡೆಗೆ ಬೆನ್ನು ಕೊಟ್ಟೇ ಕೂತಿರುತ್ತಿದ್ದ ಎಂದು ಅಲ್ಲಿನ ಹುಡುಗನೇ ಹೇಳಿದ.

ತಿಪಟೂರಿನಲ್ಲಿ ಅಮ್ಮನ ಬಳಿ ಬಿಟ್ಟದ್ದು ಎಂಟೇ ದಿನ. ನಾಯಿಗೂ ಸುಖ, ಅಮ್ಮನಿಗೂ ಸುಖ. ನನಗೆ ನಿದ್ದೆ ಬರಲಿಲ್ಲ.

ಕೆಳಮನೆಯ ಅಜ್ಜಿಯ ಪ್ರಯೋಗಕ್ಕೆ ಖರ್ಚೇ ಇಲ್ಲ. "ನಾನು ಹೇಗೂ ಒಬ್ಬಳೇ ಇರುತ್ತೇನೆ ಕಣೇ, ಇಲ್ಲೇ ಬಿಟ್ಟು ಹೋಗು" ಎಂದರು. ಬೆಲ್ಲ ಅವರ ಜಗಲಿಯಲ್ಲಿ ಹೂ ಕಟ್ಟುವುದನ್ನು ನೋಡುತ್ತಾ ಮಲಗಿದ. ಊಳಿಲ್ಲ, ಜೊಲ್ಲಿಲ್ಲ. ಒಂದು ವಾರದ ಮೇಲೆ ಅಜ್ಜಿ ಹೆಮ್ಮೆಯಿಂದ ವರದಿ ಕೊಟ್ಟರು: "ಹುಳಿಯನ್ನ ಕಲಸಿ ಹಾಕಿದ್ದೆ, ಒಂದು ಅಗುಳು ಬಿಡಲಿಲ್ಲ. ಪಾಯಸವನ್ನೂ ನೆಕ್ಕಿದ." ಹುಳಿಯಲ್ಲಿ ಈರುಳ್ಳಿ, ಪಾಯಸದಲ್ಲಿ ದ್ರಾಕ್ಷಿ. ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ದ್ರಾಕ್ಷಿ ಮೂತ್ರಪಿಂಡಕ್ಕೆ ಏಟು ಕೊಡುತ್ತದೆ ಎಂದು ಮೆಲ್ಲಗೆ ಹೇಳಿದೆ. "ನಮ್ಮ ಕಾಲದ ನಾಯಿಗಳು ಏನು ತಿನ್ನುತ್ತಿದ್ದವು, ಹೇಳು?" ಎಂದರು. ಉತ್ತರವಿರಲಿಲ್ಲ. ಪ್ರೀತಿಯಿಂದ ಕೊಡುವ ತುತ್ತನ್ನು ತಡೆಯುವುದು, ದುಡ್ಡು ಪಡೆದು ಮಾಡುವ ತಪ್ಪನ್ನು ತಿದ್ದುವುದಕ್ಕಿಂತ ಕಷ್ಟ. ಮಂಡಿ ನೋವಿನ ಅಜ್ಜಿಗೆ ಬೆಲ್ಲನನ್ನು ಬೀದಿಗೆ ಕರೆದುಕೊಂಡು ಹೋಗಲೂ ಆಗುತ್ತಿರಲಿಲ್ಲ.

ಇಷ್ಟರಲ್ಲಿ ಸಂಕ್ರಾಂತಿ ಬಂತು, ಎಳ್ಳು ಬಂದಳು. 'ಇನ್ನೊಂದು ನಾಯಿ ತನ್ನಿ, ಜೊತೆಯಾಗುತ್ತದೆ' ಎಂಬ ಉಪದೇಶಕ್ಕೆ ಮಣಿದು, ಮನೆ ಹುಡುಕುತ್ತಿದ್ದ ಕಪ್ಪುಚುಕ್ಕೆಯ ಆರು ತಿಂಗಳ ಮರಿಯನ್ನು ಒಂದು ತಿಂಗಳಿಗೆಂದು ಇಟ್ಟುಕೊಂಡೆ. ಹೆಸರಂತೂ ತಾನಾಗಿಯೇ ಬಂತು. ಮೊದಲ ದಿನ ಕ್ಯಾಮೆರಾದಲ್ಲಿ ನೋಡಿದರೆ ಬೆಲ್ಲ ಬಾಗಿಲ ಬಳಿ ಊಳಿಡುತ್ತಿದ್ದಾನೆ, ಎಳ್ಳು ಅವನ ಬಾಲ ಕಚ್ಚಿ ಎಳೆಯುತ್ತಿದ್ದಾಳೆ. ಐದನೆಯ ದಿನ ಇಬ್ಬರೂ ಊಳಿಟ್ಟರು. ಬೆಲ್ಲನಿಗೆ ಬೇಕಾಗಿದ್ದದ್ದು ಮನುಷ್ಯರು, ಇನ್ನೊಂದು ನಾಯಿಯಲ್ಲ. ಬೇಸರದ ನಾಯಿಗೆ ಜೊತೆ ಮದ್ದಾದೀತು, ಭಯದ ನಾಯಿ ಜೊತೆಗಾರನಿಗೂ ಪಾಠ ಹೇಳಿಕೊಡುತ್ತದೆ. ಆರು ತಿಂಗಳ ಮರಿ ಆರು ಗಂಟೆಯ ಮೇಲೆ ಮೂತ್ರ ತಡೆಯಲಾರದು ಎಂಬುದನ್ನೂ ನನ್ನ ಚಾಪೆ ಕಲಿತುಕೊಂಡಿತು. ಎಳ್ಳು ಈಗ ನಾಗರಬಾವಿಯ ಒಂದು ತುಂಬಿದ ಮನೆಯಲ್ಲಿ ಸುಖವಾಗಿದ್ದಾಳೆ.

ಉಳಿದದ್ದು ಮಧ್ಯಾಹ್ನದ ಹುಡುಗ. ಪಕ್ಕದ ಬೀದಿಯಲ್ಲಿ ಬಾಡಿಗೆಗೆ ಇರುವ ಕಾಲೇಜು ವಿದ್ಯಾರ್ಥಿ. ಒಂದು ಗಂಟೆಗೆ ಬಂದು ನಲವತ್ತು ನಿಮಿಷ ಓಡಾಡಿಸಿ, ನೀರು ತುಂಬಿಸಿ ಹೋಗುತ್ತಾನೆ, ತಿಂಗಳಿಗೆ ನಾಲ್ಕೂವರೆ ಸಾವಿರ. ಬೀಗದ ಕೈ ಕೊಡಲು ನನಗೆ ಮೂರು ವಾರ ಹಿಡಿಯಿತು. ಮೊದಲ ನಾಲ್ಕು ಭಾನುವಾರ ನಾನೂ ಜೊತೆಗೆ ನಡೆದೆ, ಕುತ್ತಿಗೆ ಪಟ್ಟಿಯಿಂದ ಜಾರಿ ಓಡದ ಹಾಗೆ ಎದೆಗೆ ಹಾಕುವ ಹಾರ್ನೆಸ್ ತಂದೆ. ಅವನ ಪರೀಕ್ಷೆಯ ದಿನಗಳಲ್ಲಿ ಕೈ ಕೊಡುತ್ತಾನೆ, ಮಳೆ ಬಂದರೆ ನಲವತ್ತು ನಿಮಿಷ ಹತ್ತಾಗುತ್ತದೆ. ಆದರೂ ಹತ್ತೂವರೆ ಗಂಟೆ ನಾಲ್ಕೂ ಕಾಲು ಮತ್ತು ಐದೂವರೆಯಾಗಿ ಒಡೆಯಿತು, ಡೇಕೇರಿನ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಖರ್ಚಿನಲ್ಲಿ.

ಇದರಿಂದ ಉಚ್ಚೆಯೂ ಬೇಸರವೂ ಹೋದವು, ಬೆಳಗಿನ ಭಯ ಹೋಗಲಿಲ್ಲ. ಅದಕ್ಕೆ ದುಡ್ಡಿನ ಉಪಾಯವೇ ಇರಲಿಲ್ಲ. ಸಂಜೆ ಬಂದವಳೇ ಬೀಗದ ಕೈ ಎತ್ತುವುದು, ಇಡುವುದು. ಚಪ್ಪಲಿ ಹಾಕಿಕೊಂಡು ಸೋಫಾದಲ್ಲಿ ಕೂರುವುದು. ಬ್ಯಾಗು ಹೆಗಲಿಗೇರಿಸಿ ಒಗ್ಗರಣೆ ಹಾಕುವುದು. ಹೊರಡುವ ಗುರುತುಗಳಿಗೆಲ್ಲ ಅರ್ಥ ಇಲ್ಲದಂತಾಗುವವರೆಗೆ ಹೀಗೇ. ಆಮೇಲೆ ಹೊರಗೆ ಹೋಗಿ ಅರ್ಧ ನಿಮಿಷ, ಎರಡು ನಿಮಿಷ, ಐದು ನಿಮಿಷ. ಊಳಿಡುವ ಮೊದಲೇ ಒಳಗೆ ಬರಬೇಕು, ಅದೇ ಗುಟ್ಟು. ಮೆಟ್ಟಿಲ ಮೇಲೆ ಮೊಬೈಲ್ ಹಿಡಿದು ಕೂತಿರುತ್ತಿದ್ದ ನನ್ನನ್ನು ನೋಡಿ ಎದುರು ಮನೆಯವರು "ಬೀಗ ಮರೆತಿರಾ?" ಎಂದು ಎಷ್ಟು ಸಲ ಕೇಳಿದರೋ. ನಲವತ್ತು ನಿಮಿಷ ದಾಟಿಸಲು ಏಳು ವಾರ ಬೇಕಾಯಿತು, ಅಲ್ಲಿಂದ ನಾಲ್ಕು ಗಂಟೆಗೆ ಹತ್ತೇ ದಿನ. ಈ ಏಳು ವಾರ ಕೆಲಸದ ದಿನಗಳಲ್ಲಿ ಅವನನ್ನು ಒಂಟಿ ಬಿಡುವಂತಿಲ್ಲ, ಬಿಟ್ಟರೆ ಕಲಿತದ್ದೆಲ್ಲ ಅಳಿಸಿಹೋಗುತ್ತದೆ. ಅಷ್ಟು ದಿನ ಅಜ್ಜಿಯ ಜಗಲಿ, ಅವರಿಗೆ ಆಗದ ದಿನ ಲಸಿಕೆ ಹಾಕಿಸಿಕೊಂಡು ಅದೇ ಡೇಕೇರ್. ಪಶುವೈದ್ಯರು ಮಾತ್ರೆಯ ಮಾತೂ ಎತ್ತಿದ್ದರು. ಮಂಪರು ಬರಿಸುವ ಮಾತ್ರೆಯಲ್ಲ, ಆತಂಕ ತಗ್ಗಿಸಿ ಕಲಿಕೆಗೆ ದಾರಿ ಮಾಡುವಂಥದ್ದು, ವಾರಗಟ್ಟಲೆ ಕೊಡಬೇಕು. ನಮಗೆ ಬೇಕಾಗಲಿಲ್ಲ, ನನ್ನ ಸಹೋದ್ಯೋಗಿಯೊಬ್ಬರ ನಾಯಿಗೆ ಬೇಕಾಯಿತು, ಚೆನ್ನಾಗಿದೆ.

ಈಗ ಹೊರಡುವಾಗ ಟೊಳ್ಳು ರಬ್ಬರ್ ಆಟಿಕೆಯೊಳಗೆ ರಾಗಿ ಮುದ್ದೆಯನ್ನೂ ಕೋಳಿ ಚೂರನ್ನೂ ತುರುಕಿ, ಫ್ರೀಜರಿನಲ್ಲಿ ಕಲ್ಲಾಗಿಸಿ ಕೊಡುತ್ತೇನೆ. ಒಂಬತ್ತೂ ಹತ್ತಕ್ಕೆ ಮೆಟ್ರೊದಲ್ಲಿ ನಿಂತು ಮೊಬೈಲ್ ತೆರೆದರೆ ಎರಡು ಮುಂಗಾಲುಗಳ ನಡುವೆ ಅದನ್ನು ಹಿಡಿದು ಬೆಲ್ಲ ಕೆಲಸದಲ್ಲಿರುತ್ತಾನೆ. ಹತ್ತು ಗಂಟೆಗೆ ನೋಡಿದರೆ ತಮ್ಮನ ಕುರ್ಚಿಯ ಕೆಳಗೆ ನಿದ್ದೆ.

ದೀಪಾವಳಿಯಲ್ಲಿ ಮಾತ್ರ ಈ ಏರ್ಪಾಡು ನಡೆಯುವುದಿಲ್ಲ. ಪಟಾಕಿಯ ಮುಂದೆ ರಾಗಿಯೂ ಇಲ್ಲ, ಹುಡುಗನೂ ಇಲ್ಲ. ನರಕ ಚತುರ್ದಶಿಗೂ ಬಲಿಪಾಡ್ಯಮಿಗೂ ಬ್ಯಾಂಕಿಗೇ ರಜೆ. ನಡುವಿನ ಅಮಾವಾಸ್ಯೆಗೆ ನಾನು ರಜೆ ಹಾಕುತ್ತೇನೆ, ಅರ್ಜಿಯಲ್ಲಿ ಲಕ್ಷ್ಮೀಪೂಜೆ ಎಂದು ಬರೆದು ಬಚ್ಚಲುಮನೆಯ ಕಿಟಕಿ ಮುಚ್ಚಿ ಬೆಲ್ಲನ ಜೊತೆ ಕೂರುತ್ತೇನೆ.