ಕಾಲಿನ ರಕ್ತನಾಳದ ಬ್ಲಾಕ್: ಅಪ್ಪನಿಗೆ ಮೈಸೂರಿನಲ್ಲಿ ಮಾಡಿಸಿದ ಬಲೂನ್ ಚಿಕಿತ್ಸೆ ಹೇಗಿತ್ತು

ಐದಕ್ಕೆ ನಾಲ್ಕು ಸ್ಟಾರ್. ಕಡಿಮೆಯಾದ ಒಂದು ಸ್ಟಾರ್ ಬಿಲ್ಲಿಂಗ್ ಕೌಂಟರ್‌ನ ಲೆಕ್ಕಕ್ಕೆ, ಡಾಕ್ಟರ ಲೆಕ್ಕಕ್ಕಲ್ಲ. ದೂರು ಇರುವುದರಿಂದ ಆಸ್ಪತ್ರೆಯ ಹೆಸರು ಹಾಕುತ್ತಿಲ್ಲ. ಮೈಸೂರಿನ ಒಂದು ಖಾಸಗಿ ಆಸ್ಪತ್ರೆ, ಅಲ್ಲಿನ ವ್ಯಾಸ್ಕುಲರ್ ಅಂದರೆ ರಕ್ತನಾಳದ ವಿಭಾಗ, ಅಷ್ಟು ಸಾಕು. ನಮ್ಮ ಮಂಡ್ಯ ಕಡೆ ನನಗೆ ಗೊತ್ತಿರುವ ಮನೆಗಳಲ್ಲೆಲ್ಲ ಒಬ್ಬರಿಗಾದರೂ ಶುಗರ್ ಇದೆ. ಹಾರ್ಟ್ ಅಂದ ಕೂಡಲೇ ಎಲ್ಲರಿಗೂ ಜಯದೇವ ನೆನಪಾಗುತ್ತದೆ, ಆದರೆ ಕಾಲಿಗೆ ರಕ್ತ ಹೋಗುತ್ತಿಲ್ಲ ಅಂದರೆ ಯಾವ ಡಾಕ್ಟರ ಹತ್ತಿರ ಹೋಗಬೇಕು ಅಂತ ಗೊತ್ತಿರುವವರು ಕಡಿಮೆ. ವ್ಯಾಸ್ಕುಲರ್ ಸರ್ಜನ್ ಅಂತ ಕೇಳಿ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಅಪ್ಪ ಮದ್ದೂರು ಕಡೆಯ ರೈತ. ಹಳೇ ಶುಗರ್, ಅದಕ್ಕಿಂತ ಹಳೇ ಬೀಡಿ. ಗದ್ದೆ ಬದುವಿನ ಮೇಲೆ ಸ್ವಲ್ಪ ದೂರ ನಡೆದರೆ ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು, ನಿಂತರೆ ಬಿಡುತ್ತಿತ್ತು, ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಿಡಿಯುತ್ತಿತ್ತು. ಕಾಲಿನ ರಕ್ತನಾಳ ಕಟ್ಟಿಕೊಂಡಾಗ ಹೀಗೇ ಆಗುತ್ತದೆ. ಒಂದು ಕ್ಲಿನಿಕ್‌ನಲ್ಲಿ ನರದ ವೀಕ್‌ನೆಸ್ ಅಂತ ವಿಟಮಿನ್ ಮಾತ್ರೆ ಕೊಟ್ಟು ಕಳಿಸಿದರು. ಆಮೇಲೆ ಚಪ್ಪಲಿ ಉಜ್ಜಿ ಹೆಬ್ಬೆರಳಿನ ತುದಿಯಲ್ಲಿ ಗಾಯ ಆಯಿತು. ಒಣಗಲಿಲ್ಲ, ಕಪ್ಪಾಗುತ್ತಾ ಬಂತು. ರಾತ್ರಿ ಮಲಗಿದರೆ ಉರಿ, ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟು ಕೂತರೆ ಮಾತ್ರ ಸ್ವಲ್ಪ ಕಡಿಮೆ. ಇನ್ನೊಂದು ಆಸ್ಪತ್ರೆಯಲ್ಲಿ ಗಾಯ ನೋಡಿದ ತಕ್ಷಣ ಬೆರಳು ತೆಗೆದುಬಿಡೋಣ ಅಂದರು. ಪಾದಕ್ಕೆ ರಕ್ತ ಬರುತ್ತಿದೆಯಾ ಅಂತ ಒಬ್ಬರೂ ಮುಟ್ಟಿ ನೋಡಲಿಲ್ಲ. ಈ ವಿಷಯದಲ್ಲಿ ನನಗೆ ಈಗಲೂ ಸಿಟ್ಟಿದೆ. ರಕ್ತವೇ ಬರದ ಜಾಗದಲ್ಲಿ ಬೆರಳು ಕತ್ತರಿಸಿದರೆ ಆ ಗಾಯವೂ ಒಣಗುವುದಿಲ್ಲ. ಆಮೇಲೆ ಅರ್ಧ ಪಾದ, ಆಮೇಲೆ ಮಂಡಿಯ ಕೆಳಗೆ, ಹೀಗೆ ಮೇಲಕ್ಕೇ ಹೋಗುತ್ತದೆ.

ಮೈಸೂರಿನ ಡಾಕ್ಟರು ಫೈಲ್ ತೆರೆಯುವ ಮೊದಲೇ ಕೆಳಗೆ ಬಗ್ಗಿ ಎರಡೂ ಪಾದ ಮುಟ್ಟಿ ನೋಡಿದರು. ಪಾದದ ಮೇಲೆ ಒಂದು ನಾಡಿ ಸಿಗಬೇಕು, ಒಳಗಿಣ್ಣಿನ ಹಿಂದೆ ಇನ್ನೊಂದು. ಬಲಗಾಲಲ್ಲಿ ಎರಡೂ ಸಿಗಲಿಲ್ಲ. ಮಂಡಿಯ ಹಿಂದೆಯೂ ಇಲ್ಲ. ತೊಡೆಸಂದಿಯಲ್ಲಿ ಮಾತ್ರ ಚೆನ್ನಾಗಿ ಬಡಿಯುತ್ತಿತ್ತು. ಅಲ್ಲಿಗೇ ಅಡ್ಡಿ ತೊಡೆಯಲ್ಲಿ ಶುರುವಾಗಿದೆ ಅಂತ ಅವರಿಗೆ ಗೊತ್ತಾಯಿತು. ಆಮೇಲೆ ಎಬಿಐ ಪರೀಕ್ಷೆ. ಕಾಲಿನ ಗಿಣ್ಣಿನ ಹತ್ತಿರ ಬಿಪಿ ನೋಡುತ್ತಾರೆ, ಅದನ್ನು ಕೈಯ ಬಿಪಿಯಿಂದ ಭಾಗಿಸುತ್ತಾರೆ. 0.9ಕ್ಕಿಂತ ಕಡಿಮೆ ಬಂದರೆ ಬ್ಲಾಕ್ ಇದೆ ಅಂತ. ಅಪ್ಪನಿಗೆ 1.4ಕ್ಕಿಂತ ಜಾಸ್ತಿ ಬಂತು. ನಾವು ಸದ್ಯ ಬಚಾವ್ ಅಂದುಕೊಂಡೆವು. ಆದರೆ ಬಹಳ ವರ್ಷ ಶುಗರ್ ಇದ್ದವರ ರಕ್ತನಾಳದ ಗೋಡೆಯಲ್ಲಿ ಕ್ಯಾಲ್ಸಿಯಂ ಕೂತು ಗಟ್ಟಿಯಾಗುತ್ತದಂತೆ. ಪಟ್ಟಿ ಬಿಗಿದರೂ ಅದು ಅಮುಕುವುದಿಲ್ಲ, ಹಾಗಾಗಿ ನಂಬರ್ ಸುಮ್ನೆ ಮೇಲೆ ತೋರಿಸುತ್ತದೆ. ಅದಕ್ಕೆ ಹೆಬ್ಬೆರಳಿಗೇ ಒಂದು ಪುಟ್ಟ ಪಟ್ಟಿ ಕಟ್ಟಿ ಅಲ್ಲಿನ ಬಿಪಿ ನೋಡಿದರು, 30ಕ್ಕಿಂತ ಕೆಳಗೆ ಬಂತು. ಅಷ್ಟು ಒತ್ತಡದಲ್ಲಿ ಗಾಯ ಒಣಗುವುದು ಕಷ್ಟ. ಮಾಮೂಲಿ ಎಬಿಐ ರಿಪೋರ್ಟ್ ಹಿಡಿದು ಎಲ್ಲಾ ಸರಿ ಇದೆ ಅಂತ ಕೂತಿರುವ ಶುಗರ್ ಪೇಶಂಟ್‌ಗಳು ಇದನ್ನು ದಯವಿಟ್ಟು ಗಮನಿಸಿ.

ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್, ಕಿಡ್ನಿಗೆ ಕ್ರಿಯಾಟಿನಿನ್ ಪರೀಕ್ಷೆ, ಆಮೇಲೆ ರಕ್ತನಾಳದ ಚಿತ್ರ ತೆಗೆಯುವ ಸಿಟಿ ಆಂಜಿಯೋ. ತೊಡೆಯ ದೊಡ್ಡ ರಕ್ತನಾಳ ಒಂದಷ್ಟು ಉದ್ದಕ್ಕೆ ಪೂರ್ತಿ ಮುಚ್ಚಿತ್ತು, ಮಂಡಿಯ ಕೆಳಗಿನ ಮೂರರಲ್ಲಿ ಒಂದೇ ಅಲ್ಪಸ್ವಲ್ಪ ತೆರೆದಿತ್ತು. ಡಾಕ್ಟರು ಸ್ಕ್ರೀನ್‌ನಲ್ಲಿ ತೋರಿಸಿದಾಗ ಅಪ್ಪ, "ನಮ್ಮ ನಾಲೆ ಕೊನೇ ಭಾಗದ ಗದ್ದೆ ಹಂಗೆ, ಮೇಲೆ ನೀರಿದ್ದರೂ ಕೆಳಕ್ಕೆ ಬರಲ್ಲ ಅಲ್ವಾ ಸಾರ್" ಅಂದರು. ಹೌದು, ಹಾಗೇ ಅಂದರು ಡಾಕ್ಟರು.

ಬ್ಲಾಕ್ ಆದ ಜಾಗದಲ್ಲಿ ಬಲೂನ್ ಉಬ್ಬಿಸಿ ತೆರೆಯುವ ಚಿಕಿತ್ಸೆಯನ್ನೇ ಮಾಡಿಸಿ ಅಂತ ಅವರು ಒತ್ತಾಯ ಮಾಡಲಿಲ್ಲ, ಇದು ನನಗೆ ಬಹಳ ಹಿಡಿಸಿತು. ಕಾಲಿನ ಸ್ವಂತ ರಕ್ತನಾಳ ತೆಗೆದು ಮಾಡುವ ಬೈಪಾಸ್ ಕೂಡ ಒಳ್ಳೆಯ ದಾರಿ ಅಂದರು. ಮನೆಗೆ ಬಂದು ನಾನೂ ಓದಿ ನೋಡಿದೆ. ಒಳ್ಳೆಯ ರಕ್ತನಾಳ ಸಿಗುವವರಿಗೆ ಬೈಪಾಸ್ ಮೇಲು ಅಂತ 2022ರ ಬೆಸ್ಟ್-ಸಿಎಲ್‌ಐ ಅಧ್ಯಯನ ಹೇಳುತ್ತದೆ, ಮಂಡಿಯ ಕೆಳಗಿನ ಬ್ಲಾಕ್‌ಗೆ ಮೊದಲು ಬಲೂನ್ ದಾರಿಯೇ ಮೇಲು ಅಂತ 2023ರ ಬೇಸಿಲ್-2 ಹೇಳುತ್ತದೆ. ಅಂದರೆ ಪೇಶಂಟ್ ನೋಡಿ ತೀರ್ಮಾನ ಮಾಡಬೇಕು. ಅಪ್ಪನ ಹಾರ್ಟ್ ಪಂಪಿಂಗ್ ಕಡಿಮೆ, ಬೈಪಾಸ್‌ಗೆ ಬೇಕಾದ ರಕ್ತನಾಳವೂ ಸಣ್ಣದಿತ್ತು. ಹಾಗಾಗಿ ಬಲೂನ್. ಇದೇನೋ ಹೊಸ ಪ್ರಯೋಗ ಅಂತ ಅಮ್ಮ ಹೆದರಿದ್ದರು. ಆದರೆ ಈ ವಿಧಾನ ಶುರುವಾಗಿದ್ದೇ ಕಾಲಿನಿಂದ. 1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಚಾರ್ಲ್ಸ್ ಡಾಟರ್ ಎಂಬ ಡಾಕ್ಟರು, ಕಾಲು ಕತ್ತರಿಸಲು ಒಪ್ಪದ 82 ವರ್ಷದ ಹೆಂಗಸಿಗೆ ಬಲೂನ್ ಇಲ್ಲದೆ, ತಂತಿಯ ಮೇಲೆ ಕೊಳವೆ ತೂರಿಸಿ ರಕ್ತನಾಳ ತೆರೆದರು. ಹಾರ್ಟ್‌ಗೆ ಬಲೂನ್ ಬಂದಿದ್ದು 1977ರಲ್ಲಿ. ಇದನ್ನು ಹೇಳಿದ ಮೇಲೆ ಅಮ್ಮನಿಗೆ ಎಷ್ಟೋ ಧೈರ್ಯ ಬಂತು.

ಅಪ್ಪನಿಗೆ ಪೂರ್ತಿ ಅರಿವಳಿಕೆ ಕೊಡಲಿಲ್ಲ, ಸೂಜಿ ಹಾಕುವ ಜಾಗ ಮಾತ್ರ ಮರಗಟ್ಟಿಸಿದರು. ತೊಂದರೆ ಬಲಗಾಲಿಗೆ, ತೂತು ಮಾಡಿದ್ದು ಎಡ ತೊಡೆಸಂದಿಯಲ್ಲಿ! ಅಲ್ಲಿಂದ ಸಣ್ಣ ತಂತಿಯನ್ನು ಮೇಲೆ ಹೊಟ್ಟೆಯವರೆಗೆ ಕಳಿಸಿ, ದೊಡ್ಡ ರಕ್ತನಾಳ ಎರಡಾಗಿ ಒಡೆಯುವ ಜಾಗದಲ್ಲಿ ತಿರುಗಿಸಿ, ಬಲಗಾಲಿಗೆ ಇಳಿಸಿ, ಬ್ಲಾಕ್ ದಾಟಿಸಿ, ಅದರ ಮೇಲೆ ಬಲೂನ್ ತಂದು ಕೆಲವು ನಿಮಿಷ ಉಬ್ಬಿಸಿ ಹಿಡಿಯುತ್ತಾರೆ. ಉಬ್ಬಿಸುವಾಗ ಜಗ್ಗಿದ ಹಾಗೆ ನೋವಾಯಿತು, ಇಳಿಸಿದ ತಕ್ಷಣ ಹೋಯಿತು ಅಂದರು ಅಪ್ಪ. ರಕ್ತನಾಳ ತೆರೆದಿಡುವ ಲೋಹದ ಜಾಲರಿ, ಅಂದರೆ ಸ್ಟೆಂಟ್, ಹಾಕಲಿಲ್ಲ. ಬಲೂನಿನಲ್ಲೇ ಚೆನ್ನಾಗಿ ತೆರೆದುಕೊಂಡಿತು, ಮಂಡಿಯ ಹತ್ತಿರ ಕಾಲು ಮಡಿಸುವ ಜಾಗದಲ್ಲಿ ಸ್ಟೆಂಟ್ ಮುರಿಯುವ ಭಯವೂ ಇರುತ್ತದೆ ಅಂದರು. ಆಚೆ ಬಂದಾಗ ಪಾದ ಮುಟ್ಟಿದೆ, ಬೆಚ್ಚಗಿತ್ತು. ತೂತಿನ ಜಾಗ ಕೂಡುವವರೆಗೆ ಕೆಲವು ಗಂಟೆ ಎಡಗಾಲು ಮಡಿಸದೆ ಮಲಗಬೇಕು. ತೊಡೆಸಂದಿ ನೀಲಿಗಟ್ಟಿತ್ತು, ತಾನಾಗಿ ಹೋಯಿತು.

ನರ್ಸುಗಳು ಒಳ್ಳೆಯವರು. ಒಬ್ಬ ಹಿರಿಯ ಸಿಸ್ಟರ್ ಬಂದು ಅಪ್ಪನ ಮೀನಖಂಡದ ಕೆಳಗೆ ದಿಂಬು ಇಟ್ಟು, ಹಿಮ್ಮಡಿ ಹಾಸಿಗೆಗೆ ತಾಗದೆ ಗಾಳಿಯಲ್ಲಿರುವ ಹಾಗೆ ಮಾಡಿದರು. ರಕ್ತ ಕಡಿಮೆ ಇರುವ ಕಾಲಿನ ಹಿಮ್ಮಡಿ ಒಂದೇ ಕಡೆ ಒತ್ತಿಕೊಂಡಿದ್ದರೆ ಅಲ್ಲೂ ಹುಣ್ಣಾಗುತ್ತದೆ ಅಂತ ನನಗೂ ತೋರಿಸಿಕೊಟ್ಟರು. ಮನೆಯಲ್ಲಿ ಇವತ್ತಿಗೂ ಹಾಗೇ ಮಾಡುತ್ತೇವೆ.

ಈಗ ಬಿಲ್ಲು. ಅಂದಾಜು ಕೊಟ್ಟಾಗ ಪ್ಯಾಕೇಜ್ ಅಂದರು. ಡಿಸ್ಚಾರ್ಜ್ ದಿನ ನೋಡಿದರೆ ಔಷಧಿ ಲೇಪಿಸಿದ ಬಲೂನ್ ಬೇರೆ, ಮಂಡಿಯ ಕೆಳಗಿನ ಸಣ್ಣ ಬಲೂನ್ ಬೇರೆ, ತಂತಿ ಬೇರೆ. ಔಷಧಿ ಬಲೂನ್ ಬೇಕಾಗಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ರಕ್ತನಾಳ ಬೇಗ ಮತ್ತೆ ಕಿರಿದಾಗದ ಹಾಗೆ ಅದರಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧಿ ಇರುತ್ತದೆ. 2018ರ ಕೊನೆಯಲ್ಲಿ ಆ ಔಷಧಿ ಬಗ್ಗೆ ದೊಡ್ಡ ಆತಂಕ ಎದ್ದಿತ್ತು, 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದರಿಂದ ಸಾವು ಜಾಸ್ತಿಯಾಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ ಎಂದಿತು. ಆದರೆ ಎಷ್ಟು ಬಲೂನ್ ಬೇಕಾಗಬಹುದು, ಒಂದೊಂದಕ್ಕೆ ಎಷ್ಟು ಅಂತ ಮೊದಲೇ ಬರೆದು ಕೊಡುವುದಕ್ಕೆ ಏನು ಕಷ್ಟ? ಕಬ್ಬಿನ ದುಡ್ಡು ಯಾವಾಗ ಬರುತ್ತದೋ ಅಂತ ಕಾಯುವ ಮನೆಯವರಿಗೆ ಕೊನೇ ದಿನ ಹೀಗೆ ಹೇಳಿದರೆ ಎಲ್ಲಿಂದ ತರಬೇಕು? ಆಮೇಲೆ ಪ್ರತಿ ಡ್ರೆಸ್ಸಿಂಗ್‌ಗೂ ಬೇರೆ ಬಿಲ್. ಡಿಸ್ಚಾರ್ಜ್ ಸಮ್ಮರಿ ಪೂರ್ತಿ ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಒಂದು ಸಾಲೂ ಇಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡನ್ನೂ ನಮ್ಮಷ್ಟಕ್ಕೆ ನಾವು ನಿಲ್ಲಿಸಬಾರದು ಅನ್ನುವುದನ್ನು ನಾನೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಬಿಪಿಎಲ್ ಕಾರ್ಡ್ ಇರುವವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಬಗ್ಗೆ ಮೊದಲೇ ವಿಚಾರಿಸಿ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಆದರೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳುತ್ತಾರೆ. ಮಂಡ್ಯದವರು ಅಲ್ಲಿನ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲಿ ಕೇಳಿ.

ಬೆರಳಿನ ಕಪ್ಪಾದ ತುದಿ ಮಾತ್ರ ಹೋಯಿತು, ಹೆಬ್ಬೆರಳು ಉಳಿಯಿತು. ರಕ್ತ ಬಂದ ಮೇಲೆ ಗಾಯದ ತಳ ಕೆಂಪಾಗಿ, ಅಂಚಿನಿಂದ ಹೊಸ ಚರ್ಮ ಬೆಳೆಯುತ್ತಾ ಬಂದು ಮುಚ್ಚಿತು. ಬಲೂನ್ ಹಾಕಿದ ಜಾಗ ಮತ್ತೆ ಕಿರಿದಾಗುವುದು ಉಂಟು, ಅದಕ್ಕೆ ಆಗಾಗ ಡಾಪ್ಲರ್ ಮಾಡಿಸಲು ಹೇಳಿದ್ದಾರೆ. ಬೀಡಿ ವಿಷಯದಲ್ಲಿ ಡಾಕ್ಟರು ಬಹಳ ಖಡಕ್ಕಾಗಿ ಮಾತಾಡಿದರು, ಅಪ್ಪ ಬಿಟ್ಟಿದ್ದಾರೆ. ದಿನಾ ನಡೆಯುತ್ತಾರೆ, ರಾತ್ರಿ ಅಮ್ಮ ಎರಡೂ ಪಾದ ನೋಡುತ್ತಾರೆ.

ಓಪಿಡಿಗೆ ಹೋಗುವವರು ಹಳೇ ರಿಪೋರ್ಟ್, ಮಾತ್ರೆ ಚೀಟಿ ಎಲ್ಲಾ ತೆಗೆದುಕೊಂಡು ಹೋಗಿ. ಶುಗರ್ ಮಾತ್ರೆ ಮೆಟ್ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಸಿಟಿ ಆಂಜಿಯೋಗೆ ಮೊದಲೇ ಹೇಳಿ. ಬಲೂನ್ ರೇಟನ್ನು ಅಡ್ಮಿಟ್ ಆಗುವ ಮುಂಚೆ ಬರೆಸಿಕೊಳ್ಳಿ. ಮತ್ತೆ, ಯಾವ ಆಸ್ಪತ್ರೆಗೇ ಹೋಗಿ, ಪಾದದ ನಾಡಿ ನೋಡದೆ ಬೆರಳು ತೆಗೆಯೋಣ ಅಂದರೆ ಸಹಿ ಹಾಕಬೇಡಿ, ಮೊದಲು ನಾಡಿ ನೋಡಿ ಸಾರ್ ಅಂತ ಕೇಳಿ.